ಕಡಿಯುವ ಮುನ್ನ ಎಣಿಸಿದ ಕಾಡು

ಬ್ರೆಜಿಲ್ ದೇಶದ ಮನೌಸ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ ದನಗಳ ಹುಲ್ಲುಗಾವಲಿಗಾಗಿ ಮಳೆಕಾಡು ಕಡಿಯುತ್ತಿದ್ದರು. 1980ರಲ್ಲಿ ಆ ಬಯಲಿನ ನಡುವೆ ಹತ್ತು ಹೆಕ್ಟೇರಿನ ಒಂದು ಚೌಕವನ್ನು ಮಾತ್ರ ಬೇಕೆಂದೇ ಕಡಿಯದೆ ಬಿಟ್ಟರು. ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಎಕರೆ. ಸುತ್ತಲಿನ ಮರಗಳು ಉರುಳಿದ ಮೇಲೆ ಆ ಚೌಕದೊಳಗೆ ಬಲೆ ಕಟ್ಟಿ ಹಕ್ಕಿಗಳನ್ನು ಎಣಿಸಿದರು. ಕಡಿಯುವುದಕ್ಕೆ ಮೊದಲು ಸಿಗುತ್ತಿದ್ದುದಕ್ಕಿಂತ ಹೆಚ್ಚು ಹಕ್ಕಿಗಳು ಸಿಕ್ಕವು.

ಈ ಮಾತನ್ನು ಮೊದಲ ಸಲ ಓದಿದಾಗ ಮುದ್ರಣದೋಷ ಇರಬೇಕು ಅಂದುಕೊಂಡಿದ್ದೆ. ಕಾಡು ಕಡಿದರೆ ಹಕ್ಕಿ ಕಡಿಮೆಯಾಗಬೇಕಲ್ಲವೆ? ಅದನ್ನು ಹೇಳಲು ಬಲೆ ಯಾಕೆ, ವಿಜ್ಞಾನಿ ಯಾಕೆ ಎನ್ನುವುದು ನಮ್ಮಲ್ಲಿ ಬಹಳ ಜನರ ಪ್ರಶ್ನೆ. ನನ್ನದೂ ಆಗಿತ್ತು. ಆದರೆ ಕಡಿಮೆಯಾಯಿತು ಎನ್ನುವುದು ಬೇರೆ, ಎಷ್ಟು, ಯಾವುದು, ಯಾವಾಗ ಕಡಿಮೆಯಾಯಿತು ಎಂದು ತೋರಿಸುವುದು ಬೇರೆ. ಮೊದಲನೆಯದನ್ನು ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ಅದಕ್ಕೆ ಹೆದರುವುದೂ ಇಲ್ಲ. ಎರಡನೆಯದಕ್ಕಾಗಿ ಮನೌಸ್ ಬಳಿ ನಾಲ್ಕು ದಶಕ ಎಣಿಕೆ ನಡೆದಿದೆ. ಆ ಎಣಿಕೆಯ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಈ ಕಥೆ ಶುರುವಾಗುವುದು ಅಮೆಜಾನಿನಲ್ಲಲ್ಲ, ಪನಾಮಾದಲ್ಲಿ. ಪನಾಮಾ ಕಾಲುವೆಗಾಗಿ ಅಮೆರಿಕನ್ನರು ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದರು. 1914ರ ಹೊತ್ತಿಗೆ ಗಟೂನ್ ಸರೋವರ ತುಂಬಿತು, ಕಣಿವೆ ಮುಳುಗಿತು. ಕಾಡು ತುಂಬಿದ ಬೆಟ್ಟವೊಂದರ ನೆತ್ತಿ ಮಾತ್ರ ನೀರಿನ ಮೇಲೆ ಉಳಿದು ಬಾರೋ ಕೊಲರಾಡೋ ಎಂಬ ದ್ವೀಪವಾಯಿತು. ಸುಮಾರು 1,500 ಹೆಕ್ಟೇರ್. 1923ರಲ್ಲಿ ಅದನ್ನು ಮೀಸಲು ಪ್ರದೇಶವೆಂದು ಘೋಷಿಸಿದರು. ಅಲ್ಲಿಂದ ಮುಂದೆ ಬೇಟೆಯಿಲ್ಲ, ಕೊಡಲಿಯಿಲ್ಲ, ಸಂಶೋಧಕರು ಮಾತ್ರ. ಉಷ್ಣವಲಯದ ಕಾಡಿನ ಬಗ್ಗೆ ಜಗತ್ತು ತಿಳಿದುಕೊಂಡದ್ದರಲ್ಲಿ ದೊಡ್ಡ ಪಾಲು ಈ ಪುಟ್ಟ ದ್ವೀಪದಿಂದ ಬಂದದ್ದು.

ಎಡ್ವಿನ್ ವಿಲಿಸ್ ಎಂಬ ಪಕ್ಷಿತಜ್ಞ 1960ರ ಸುಮಾರಿಗೆ ಅಲ್ಲಿಗೆ ಬಂದ. ಅವನಿಗೆ ಬೇಕಾಗಿದ್ದದ್ದು ಇರುವೆಗಳ ದಂಡಿನ ಹಿಂದೆ ಹೋಗುವ ಹಕ್ಕಿಗಳು. ಆ ಕಾಡುಗಳಲ್ಲಿ ದಂಡಿರುವೆಗಳು ಸಾವಿರಗಟ್ಟಲೆಯಾಗಿ ನೆಲವನ್ನು ಆವರಿಸಿ ನಡೆಯುತ್ತವೆ. ತರಗೆಲೆಯಡಿ ಅಡಗಿದ್ದ ಜಿರಲೆ, ಮಿಡತೆ, ಜೇಡಗಳು ಜೀವ ಉಳಿಸಿಕೊಳ್ಳಲು ಹೊರಗೆ ಹಾರುತ್ತವೆ. ಅವನ್ನು ಹಿಡಿಯಲು ಕೆಲವು ಹಕ್ಕಿಗಳು ಕಾದು ಕೂತಿರುತ್ತವೆ. ನಮ್ಮ ಗದ್ದೆಗಳಲ್ಲಿ ನೇಗಿಲ ಹಿಂದೆ ಬೆಳ್ಳಕ್ಕಿ ಹೋಗುವ ಹಾಗೆಯೇ. ಬೆಳ್ಳಕ್ಕಿಗೆ ನೇಗಿಲಿಲ್ಲದಿದ್ದರೂ ಬದುಕಿದೆ, ಈ ಹಕ್ಕಿಗಳಲ್ಲಿ ಕೆಲವಕ್ಕೆ ಇರುವೆ ಇಲ್ಲದಿದ್ದರೆ ಬದುಕಿಲ್ಲ. ವಿಲಿಸ್ ನೋಡುತ್ತಿದ್ದಂತೆಯೇ ಅವುಗಳಲ್ಲಿ ಒಂದು ಜಾತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಗಿ, ದಶಕ ಮುಗಿಯುವ ಹೊತ್ತಿಗೆ ದ್ವೀಪದಿಂದ ಬಹುಮಟ್ಟಿಗೆ ಅಳಿಸಿಹೋಯಿತು. ಯಾರೂ ಅದನ್ನು ಹೊಡೆದಿರಲಿಲ್ಲ, ಒಂದು ಮರವನ್ನೂ ಕಡಿದಿರಲಿಲ್ಲ. ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿ, ದ್ವೀಪದಲ್ಲಿ ಗೂಡು ಕಟ್ಟುತ್ತಿದ್ದ ಸುಮಾರು 45 ಜಾತಿಯ ಹಕ್ಕಿಗಳು ಕಾಣೆಯಾಗಿವೆ ಎಂದು ವಿಲಿಸ್ 1974ರಲ್ಲಿ ಬರೆದ.

ಈ ಲೆಕ್ಕದಲ್ಲೊಂದು ತೊಡಕಿತ್ತು. ಕಣಿವೆ ಮುಳುಗುವ ಮುನ್ನ ಆ ಬೆಟ್ಟದ ಮೇಲೆ ಯಾರೂ ಕೂತು ಹಕ್ಕಿ ಎಣಿಸಿರಲಿಲ್ಲ. ಪಟ್ಟಿಗಳೆಲ್ಲ ದ್ವೀಪವಾದ ಮೇಲಿನವು. ನೀರು ಬಂದ ಮೊದಲ ವರ್ಷಗಳಲ್ಲೇ ಹೋದವು ಯಾವುವು? ಸುತ್ತಲಿನ ಮುಖ್ಯನೆಲದಲ್ಲಿದ್ದರೂ ಬೆಟ್ಟದ ನೆತ್ತಿಯಲ್ಲಿ ಎಂದೂ ಇರದಿದ್ದವು ಯಾವುವು? ಕಾಣೆಯಾದವರ ಪಟ್ಟಿ ಬರೆಯಬೇಕಾದರೆ ಮೊದಲು ಇದ್ದವರ ಪಟ್ಟಿ ಕೈಯಲ್ಲಿರಬೇಕು.

ಅದೇ ಹೊತ್ತಿಗೆ ಪರಿಸರ ವಿಜ್ಞಾನಿಗಳ ನಡುವೆ ಒಂದು ಜಗಳ ನಡೆಯುತ್ತಿತ್ತು. ಚಿಕ್ಕ ದ್ವೀಪದಲ್ಲಿ ಜಾತಿಗಳು ಕಡಿಮೆ, ದೊಡ್ಡದರಲ್ಲಿ ಹೆಚ್ಚು ಎನ್ನುವ ಸಂಗತಿಯನ್ನು ರಾಬರ್ಟ್ ಮ್ಯಾಕ್ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1967ರ ತಮ್ಮ ಪುಸ್ತಕದಲ್ಲಿ ಸಿದ್ಧಾಂತವಾಗಿ ಬೆಳೆಸಿದ್ದರು. ಹೊಲಗಳ ನಡುವೆ ಉಳಿದ ಕಾಡೂ ಒಂದು ದ್ವೀಪವೇ, ಆದ್ದರಿಂದ ಅಭಯಾರಣ್ಯಗಳನ್ನು ದೊಡ್ಡದಾಗಿ ಮಾಡಿ ಎಂದು ಜೇರೆಡ್ ಡೈಮಂಡ್ 1975ರಲ್ಲಿ ವಾದಿಸಿದ. ಮರುವರ್ಷವೇ ಡೇನಿಯಲ್ ಸಿಂಬರ್ಲಾಫ್ ಮತ್ತು ಲಾರೆನ್ಸ್ ಅಬೆಲ್ ಅದನ್ನು ಪ್ರಶ್ನಿಸಿದರು. ಬೇರೆ ಬೇರೆ ಕಡೆ ಹರಡಿದ ಹಲವು ಚಿಕ್ಕ ಕಾಡುಗಳಲ್ಲಿ ಒಟ್ಟಾರೆ ಹೆಚ್ಚು ಜಾತಿಗಳು ಉಳಿಯಬಹುದಲ್ಲ ಎಂಬುದು ಅವರ ಪ್ರಶ್ನೆ. ಒಂದು ದೊಡ್ಡದೋ, ಹಲವು ಚಿಕ್ಕವೋ? ಎರಡೂ ಕಡೆ ಗಣಿತವಿತ್ತು. ಮಳೆಕಾಡನ್ನು ತುಂಡು ಮಾಡಿ ನೋಡಿದ ಪ್ರಯೋಗ ಮಾತ್ರ ಯಾರ ಬಳಿಯೂ ಇರಲಿಲ್ಲ.

ಥಾಮಸ್ ಲವ್‌ಜಾಯ್ ಆಗ ವಿಶ್ವ ವನ್ಯಜೀವಿ ನಿಧಿಯ ಅಮೆರಿಕದ ಕಚೇರಿಯಲ್ಲಿ ಕೆಲಸಕ್ಕಿದ್ದ. 1965ರಲ್ಲೇ ಅಮೆಜಾನಿಗೆ ಹೋಗಿ, ಬೆಲೆಮ್ ನಗರದ ಬಳಿಯ ಕಾಡುಗಳಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಿ ಡಾಕ್ಟರೇಟ್ ಮಾಡಿದವನು. ಬ್ರೆಜಿಲ್ ಕಾನೂನಿನ ಒಂದು ಅಂಶ ಅವನ ಕಣ್ಣಿಗೆ ಬಿತ್ತು. 1965ರ ಅರಣ್ಯ ಕಾನೂನಿನ ಪ್ರಕಾರ ಅಮೆಜಾನಿನಲ್ಲಿ ಜಮೀನು ಪಡೆದವನು ಅರ್ಧದಷ್ಟು ಕಾಡನ್ನು ಕಡಿಯದೆ ಉಳಿಸಬೇಕಿತ್ತು. ಮನೌಸ್ ಸುತ್ತ ಸರ್ಕಾರ ತೆರಿಗೆ ರಿಯಾಯಿತಿ ಕೊಟ್ಟು ದನದ ಫಾರ್ಮುಗಳನ್ನು ಮಾಡಿಸುತ್ತಿತ್ತು. ಕಾಡು ಹೇಗೂ ಬೀಳುವುದೇ ಇತ್ತು. ಉಳಿಸಲೇಬೇಕಾದ ಆ ಅರ್ಧದಲ್ಲಿ ಒಂದಿಷ್ಟನ್ನು ಅಳತೆಯ ಚೌಕಗಳಾಗಿ ಉಳಿಸಿಕೊಡುತ್ತೀರಾ ಎಂದು ಕೇಳಿದರೆ ಹೇಗೆ? ಮನೌಸಿನ ರಾಷ್ಟ್ರೀಯ ಅಮೆಜಾನ್ ಸಂಶೋಧನಾ ಸಂಸ್ಥೆ ಜತೆಗೂಡಿತು, ಫಾರ್ಮಿನ ಮಾಲೀಕರೂ ಒಪ್ಪಿದರು. 1979ರಲ್ಲಿ ಕೆಲಸ ಶುರುವಾಯಿತು.

ಕಾಡು ಕಡಿಯುವವರ ಜತೆ ಕೂತು ಯಾವ ಮರ ಬೀಳಬೇಕು, ಯಾವುದು ನಿಲ್ಲಬೇಕು ಎಂದು ಗೆರೆ ಎಳೆಯುವುದು ಕಾಡಿನ ಪ್ರೀತಿ ಇದ್ದವನಿಗೆ ಸುಲಭವಾಗಿರಲಾರದು. ಅವನ ಮುಂದಿದ್ದ ಆಯ್ಕೆ ಕಾಡು ಉಳಿಸುವುದೋ ಬಿಡುವುದೋ ಎಂಬುದಾಗಿರಲಿಲ್ಲ. ಲೆಕ್ಕವಿಲ್ಲದೆ ಹೋಗುವ ಕಾಡು ಲೆಕ್ಕ ಕೊಟ್ಟು ಹೋಗಲಿ ಎಂಬುದಾಗಿತ್ತು.

ಮುಂದಿನ ಹತ್ತು ವರ್ಷಗಳಲ್ಲಿ ಹನ್ನೊಂದು ತುಣುಕುಗಳು ಸಿದ್ಧವಾದವು. ಒಂದು ಹೆಕ್ಟೇರಿನವು ಐದು, ಹತ್ತು ಹೆಕ್ಟೇರಿನವು ನಾಲ್ಕು, ನೂರು ಹೆಕ್ಟೇರಿನವು ಎರಡು. ಹೋಲಿಕೆಗಾಗಿ ಪಕ್ಕದ ಅಖಂಡ ಕಾಡಿನಲ್ಲೂ ಇಷ್ಟೇ ಅಳತೆಯ ಜಾಗಗಳನ್ನು ಗುರುತು ಮಾಡಿಕೊಂಡರು. ಎಲ್ಲಕ್ಕಿಂತ ಮುಖ್ಯವಾದದ್ದು, ಕೊಡಲಿ ಬೀಳುವ ಮುನ್ನವೇ ಎಣಿಕೆ ಶುರುವಾದದ್ದು. ಬೆಳಗಾಗುತ್ತಿದ್ದಂತೆ ಕಾಡಿನ ಕೆಳಹಂತದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳನ್ನು ಸಾಲಾಗಿ ಬಿಚ್ಚುವುದು, ಸಿಕ್ಕ ಹಕ್ಕಿಯನ್ನು ಬಿಡಿಸಿ ತೂಗುವುದು, ರೆಕ್ಕೆ ಅಳೆಯುವುದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಹಾರಿಬಿಡುವುದು. ಮತ್ತೆ ಅದೇ ಹಕ್ಕಿ ಸಿಕ್ಕರೆ ನಂಬರು ನೋಡಿ ಬರೆದುಕೊಳ್ಳುವುದು. ಬಾರೋ ಕೊಲರಾಡೋದಲ್ಲಿ ಇಲ್ಲದಿದ್ದ 'ಮೊದಲು' ಇಲ್ಲಿ ಹೀಗೆ ಸಿದ್ಧವಾಯಿತು.

ಆ ಮೊದಲಿನ ಲೆಕ್ಕ ಇದ್ದುದರಿಂದಲೇ ನಾನು ಮುದ್ರಣದೋಷ ಎಂದುಕೊಂಡ ಸಂಗತಿ ಅರ್ಥವಾಗಿದ್ದು. ಕಡಿದ ಕಾಡಿನ ಹಕ್ಕಿಗಳು ಉಳಿದ ಚೌಕದೊಳಗೆ ನುಗ್ಗಿದ್ದವು, ನೆರೆ ಬಂದಾಗ ಊರಿನ ಎತ್ತರದ ಮನೆಯಲ್ಲಿ ಜನ ತುಂಬುವಂತೆ. ಕೆಲವು ತಿಂಗಳು ಬಲೆ ತುಂಬಿತು. ಆಮೇಲೆ ಸಂಖ್ಯೆ ಇಳಿಯತೊಡಗಿ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಹೋಯಿತು. ರಿಚರ್ಡ್ ಬಿಯರೆಗಾರ್ಡ್ ಮತ್ತು ಲವ್‌ಜಾಯ್ 1980ರ ದಶಕದ ಕೊನೆಯಲ್ಲಿ ಇದನ್ನು ಪ್ರಕಟಿಸಿದರು. ಕಡಿದ ಮೂರನೇ ತಿಂಗಳಲ್ಲಿ ಯಾರಾದರೂ ಬಂದು ಒಂದು ವಾರ ಎಣಿಸಿ ಹೋಗಿದ್ದರೆ ಏನು ಬರೆಯುತ್ತಿದ್ದರು? ಕಾಡಿನ ತುಣುಕಿನಲ್ಲಿ ಹಕ್ಕಿಗಳು ಸಮೃದ್ಧವಾಗಿವೆ, ಯೋಜನೆಯಿಂದ ಹಾನಿಯಿಲ್ಲ ಎಂದು. ಅವರು ಸುಳ್ಳು ಬರೆದಂತೆಯೂ ಆಗುತ್ತಿರಲಿಲ್ಲ.

ಇರುವೆಯ ಹಿಂದೆ ಹೋಗುವ ಹಕ್ಕಿಗಳು ಒಂದು ಮತ್ತು ಹತ್ತು ಹೆಕ್ಟೇರಿನ ತುಣುಕುಗಳಿಂದ ಬೇಗನೆ ಮಾಯವಾದವು. ದಂಡಿರುವೆಯ ಒಂದು ಗುಂಪಿಗೇ ಹತ್ತು ಹೆಕ್ಟೇರಿಗಿಂತ ಹೆಚ್ಚು ಕಾಡು ಬೇಕು. ಇರುವೆ ಹೊರಟಾಗಲಷ್ಟೇ ಊಟ ಸಿಗುವ ಹಕ್ಕಿಗೆ, ಹೊರಡದ ದಿನಗಳಲ್ಲೂ ಹೊಟ್ಟೆ ತುಂಬಲು ಹಲವು ಗುಂಪುಗಳ ನಡುವೆ ಓಡಾಡುವಷ್ಟು ಜಾಗ ಬೇಕು. ನಡುವೆ ಕೆಲವು ನೂರು ಮೀಟರಿನ ಹುಲ್ಲುಗಾವಲು. ನೆರಳಿನಲ್ಲೇ ಹುಟ್ಟಿ ಬೆಳೆದ ಹಕ್ಕಿ ಆ ಬಿಸಿಲನ್ನು ದಾಟಲಿಲ್ಲ.

ಬರ್ಟ್ ಕ್ಲೈನ್ ಎಂಬಾತ ಸಗಣಿಹುಳುಗಳನ್ನು ಹಿಡಿದ. 1989ರಲ್ಲಿ ಪ್ರಕಟವಾದ ಅವನ ಲೆಕ್ಕದಂತೆ ತುಣುಕುಗಳಲ್ಲಿ ಹುಳುಗಳ ಜಾತಿಗಳೂ ಕಡಿಮೆ, ಸಂಖ್ಯೆಯೂ ಕಡಿಮೆ, ಗಾತ್ರವೂ ಚಿಕ್ಕದು. ಹುಳು ಕಡಿಮೆಯಾದ ಕಡೆ ಸಗಣಿ ಕರಗುವುದೂ ನಿಧಾನವಾಗಿತ್ತು. ಸಗಣಿಯನ್ನು ಹೂಳುವ ಈ ಹುಳುಗಳು ಅದರೊಳಗಿನ ಬೀಜವನ್ನೂ ಹೂಳುತ್ತವೆ, ಮಣ್ಣಿಗೆ ಗೊಬ್ಬರವನ್ನೂ ಸೇರಿಸುತ್ತವೆ. ಒಂದು ಜೀವಿಯ ಎಣಿಕೆ ಹೀಗೆ ಒಂದು ಕೆಲಸದ ಎಣಿಕೆಯೂ ಆಯಿತು.

ಕಪ್ಪೆಗಳು ಮಾತ್ರ ಬೇರೆ ಉತ್ತರ ಕೊಟ್ಟವು. ತುಣುಕುಗಳಲ್ಲಿ ಕಪ್ಪೆಗಳ ಜಾತಿಗಳು ಹೆಚ್ಚಾದವು. ಕಾಡಿನ ಕಪ್ಪೆಗಳಲ್ಲಿ ಬಹಳಷ್ಟು ಉಳಿದುಕೊಂಡಿದ್ದವು, ಅವುಗಳ ಜತೆಗೆ ಹುಲ್ಲುಗಾವಲಿನ ಕಪ್ಪೆಗಳೂ ಬಂದು ಸೇರಿದ್ದವು. ಬಿಸಿಲು ಇಷ್ಟಪಡುವ ಚಿಟ್ಟೆಗಳೂ ಅಂಚುಗಳಲ್ಲಿ ಹೆಚ್ಚಿದವು. ಬರೀ ಜಾತಿಗಳ ಸಂಖ್ಯೆ ನೋಡಿದರೆ ಕಾಡು ಕಡಿದದ್ದು ಲಾಭವೇ! ಆದರೆ ಬಂದವು ಊರ ಸುತ್ತ ಎಲ್ಲೆಲ್ಲೂ ಸಿಗುವಂಥವು. ಹೋದವು ಕಾಡಿನ ಒಳಗಲ್ಲದೆ ಬೇರೆಲ್ಲೂ ಸಿಗದವು. ಅದರಲ್ಲೂ ಕೆಲವು ಹೋದ ದಾರಿ ಯಾರೂ ಊಹಿಸದಂಥದ್ದು. ಪೆಕ್ಕರಿ ಎಂಬ ಕಾಡುಹಂದಿಯಂಥ ಪ್ರಾಣಿಗಳು ಕೆಸರಿನಲ್ಲಿ ಹೊರಳಿ ಹೊಂಡ ಮಾಡುತ್ತವೆ. ಆ ಹೊಂಡದಲ್ಲಿ ನಿಂತ ನೀರಲ್ಲಿ ಕೆಲವು ಕಪ್ಪೆಗಳು ಮರಿ ಮಾಡುತ್ತವೆ. ತುಣುಕು ಕಾಡು ಸಾಲದೆ ಪೆಕ್ಕರಿಗಳು ಹೋದವು, ಹೊಂಡ ಒಣಗಿತು, ಆ ಕಪ್ಪೆಗಳೂ ಹೋದವು. ಆ ಕಪ್ಪೆಗೆ ಎಷ್ಟು ಜಾಗ ಬೇಕು ಎಂದು ಕಪ್ಪೆಯನ್ನು ಮಾತ್ರ ನೋಡಿ ಹೇಳಲು ಸಾಧ್ಯವೇ ಇರಲಿಲ್ಲ.

ಮರಗಳೂ ಸುಮ್ಮನೆ ನಿಂತಿರಲಿಲ್ಲ. ಬಯಲಿನ ಬಿಸಿಗಾಳಿ ತಾಗಿ ಅಂಚಿನ ದೊಡ್ಡ ಮರಗಳು ಒಣಗಿದವು, ಬಿರುಗಾಳಿಗೆ ಮುರಿದವು. ಅಂಚಿನಿಂದ ನೂರು ಮೀಟರಿನೊಳಗೆ ಕೆಲವು ಕಡೆ ಮರಗಳ ಒಟ್ಟು ತೂಕದಲ್ಲಿ ಶೇಕಡಾ 36ರವರೆಗೆ ನಷ್ಟವಾಗಿತ್ತು ಎಂದು ವಿಲಿಯಂ ಲಾರೆನ್ಸ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಒಂದು ಹೆಕ್ಟೇರಿನ ಚೌಕದ ಒಂದು ಬದಿಯೇ ನೂರು ಮೀಟರು. ಅಂದರೆ ಅದರಲ್ಲಿ ಒಳಗು ಎಂಬುದೇ ಇಲ್ಲ, ಇಡೀ ಕಾಡೇ ಅಂಚು.

ಉಂಗುರದ ನಂಬರುಗಳು ವರ್ಷಗಟ್ಟಲೆ ಕೂಡಿಕೊಂಡು ಬಂದ ಮೇಲೆ ಗೊನ್ಸಾಲೊ ಫೆರಾಜ್ ಮತ್ತು ಜತೆಗಾರರು 2003ರಲ್ಲಿ ಒಂದು ಲೆಕ್ಕ ಕೊಟ್ಟರು. ನೂರು ಹೆಕ್ಟೇರಿನ ತುಣುಕು ಕೂಡ ಹದಿನೈದು ವರ್ಷದೊಳಗೆ ಕೆಳಹಂತದ ಹಕ್ಕಿಗಳಲ್ಲಿ ಅರ್ಧದಷ್ಟು ಜಾತಿಗಳನ್ನು ಕಳೆದುಕೊಳ್ಳುತ್ತದೆ. ಈ ನಷ್ಟದ ವೇಗವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಬೇಕಾದರೆ ತುಣುಕಿನ ಗಾತ್ರವನ್ನು ಸಾವಿರ ಪಟ್ಟು ಹೆಚ್ಚಿಸಬೇಕು. ನೂರು ಹೆಕ್ಟೇರ್ ಅಂದರೆ ಸುಮಾರು 250 ಎಕರೆ. ನಮ್ಮ ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಬಹುಪಾಲು ಇದಕ್ಕಿಂತ ಎಷ್ಟೋ ಚಿಕ್ಕವು. ಆದ್ದರಿಂದ ಈ ಅಂಕಿ ಓದಿ ನನಗೆ ಮೊದಲು ಕೈಚೆಲ್ಲುವ ಹಾಗಾಯಿತು.

ಆದರೆ ಮನೌಸಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1980ರ ದಶಕದ ಕೊನೆಗೆ ತೆರಿಗೆ ರಿಯಾಯಿತಿ ನಿಂತಿತು, ದನದ ಫಾರ್ಮುಗಳಲ್ಲಿ ಲಾಭವಿಲ್ಲದೆ ಹಲವನ್ನು ಕೈಬಿಟ್ಟರು. ಹುಲ್ಲುಗಾವಲಿನಲ್ಲಿ ಮರಗಳು ಎದ್ದವು. ಕಡಿದು ಸುಡದೆ ಬಿಟ್ಟ ಕಡೆ ಸೆಕ್ರೋಪಿಯಾ ಎಂಬ ದೊಡ್ಡೆಲೆಯ ಮರ ಬೇಗ ಬೆಳೆಯಿತು. ಸುಟ್ಟು, ದನ ಮೇಯಿಸಿದ ಕಡೆ ವಿಸ್ಮಿಯಾ ಎಂಬ ಇನ್ನೊಂದು ಗಿಡ ಆವರಿಸಿತು. ಸೆಕ್ರೋಪಿಯಾ ಸುತ್ತುವರಿದ ತುಣುಕುಗಳಿಗೆ, ಹೋಗಿದ್ದ ಹಕ್ಕಿಗಳಲ್ಲಿ ಕೆಲವು ವಾಪಸು ಬಂದವು. ಇರುವೆಯ ಹಿಂದೆ ಹೋಗುವವೂ ಬಂದವು. ವಿಸ್ಮಿಯಾ ಇದ್ದ ಕಡೆ ಅಷ್ಟು ಬರಲಿಲ್ಲ. ಸಮುದ್ರದ ದ್ವೀಪಕ್ಕೂ ಕಾಡಿನ ದ್ವೀಪಕ್ಕೂ ಇರುವ ವ್ಯತ್ಯಾಸ ಇದು. ನೀರು ನೀರಾಗಿಯೇ ಇರುತ್ತದೆ, ಕಾಡಿನ ಸುತ್ತಲಿನ ನೆಲ ಬದಲಾಗುತ್ತದೆ. ದೇವರಕಾಡಿನ ಸುತ್ತ ನೆರಳುಮರಗಳ ಕಾಫಿತೋಟವಿದೆಯೋ, ಬೋಳು ಲೇಔಟಿದೆಯೋ ಎಂಬುದರಿಂದ ಒಳಗಿನ ಹಕ್ಕಿಯ ಭವಿಷ್ಯ ಬೇರೆಯಾಗುತ್ತದೆ. ದೊಡ್ಡದೋ ಚಿಕ್ಕದೋ ಎಂಬ ಹಳೆಯ ಜಗಳದಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಎಲ್ಲ ಕಡೆಯೂ ಕಡಿಯುವ ಮುನ್ನ ಎಣಿಸುವ ಅವಕಾಶ ಸಿಗುವುದಿಲ್ಲ. ಹಾಗಾಗಿ ಜಗತ್ತಿನ ಹೆಚ್ಚಿನ ಅಧ್ಯಯನಗಳು ಇನ್ನೊಂದು ದಾರಿ ಹಿಡಿಯುತ್ತವೆ. ಕೆಟ್ಟ ಕಾಡನ್ನೂ ಪಕ್ಕದ ಒಳ್ಳೆಯ ಕಾಡನ್ನೂ ಒಂದೇ ಕಾಲದಲ್ಲಿ ಎಣಿಸಿ ವ್ಯತ್ಯಾಸವನ್ನು ನಷ್ಟವೆಂದು ಬರೆಯುತ್ತವೆ. ಲೂಕ್ ಗಿಬ್ಸನ್ ಮತ್ತು ಸಂಗಡಿಗರು 2011ರಲ್ಲಿ ಇಂಥ 138 ಅಧ್ಯಯನಗಳನ್ನು ಒಟ್ಟುಗೂಡಿಸಿ, ಉಷ್ಣವಲಯದ ಜೀವವೈವಿಧ್ಯಕ್ಕೆ ಮೂಲ ಕಾಡಿಗೆ ಬದಲಿಯಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಬಹಳ ಉಪಯುಕ್ತವಾದ ಕೆಲಸ. ಆದರೂ ಪಕ್ಕದ ಕಾಡು ನಿಜಕ್ಕೂ ಹಿಂದಿನ ಕಾಡಿನ ಹಾಗೆಯೇ ಇದೆಯೇ? ಬ್ರೆಜಿಲ್ಲಿನ ಜಾರಿ ಪ್ರದೇಶದಲ್ಲಿ ಫಿಲಿಪೆ ಫ್ರಾನ್ಸಾ ಮತ್ತು ಜತೆಗಾರರು ಮರ ಕಡಿಯುವ ಮುನ್ನ ಮತ್ತು ನಂತರ ಸಗಣಿಹುಳುಗಳನ್ನು ಎಣಿಸಿ ಎರಡೂ ವಿಧಾನಗಳನ್ನು ಹೋಲಿಸಿದರು. ಪಕ್ಕದ ಕಾಡಿನೊಂದಿಗೆ ಹೋಲಿಸುವ ವಿಧಾನ ಹಾನಿಯನ್ನು ಕಡಿಮೆ ಮಾಡಿ ತೋರಿಸುತ್ತದೆ ಎಂದು 2016ರಲ್ಲಿ ವರದಿ ಮಾಡಿದರು.

ಮನೌಸಿನ ಅಖಂಡ ಕಾಡಿನಲ್ಲೇ ಇದಕ್ಕಿಂತ ದೊಡ್ಡ ಆಘಾತ ಕಾದಿತ್ತು. ಹೋಲಿಕೆಗೆಂದು ಕೈಯಿಡದೆ ಬಿಟ್ಟಿದ್ದ ಆ ಕಾಡಿನ 1980ರ ದಶಕದ ಎಣಿಕೆಯನ್ನೂ ಈಚಿನ ಎಣಿಕೆಯನ್ನೂ ಫಿಲಿಪ್ ಸ್ಟೌಫರ್ ಮತ್ತು ಸಂಗಡಿಗರು ಎದುರುಬದುರು ಇಟ್ಟು 2020ರಲ್ಲಿ ಪ್ರಕಟಿಸಿದರು. ನೆಲದಲ್ಲಿ ಹುಳು ಹೆಕ್ಕುವ ಹಕ್ಕಿಗಳು ಅಲ್ಲೂ ಕಡಿಮೆಯಾಗಿದ್ದವು. ಒಂದು ಮರ ಬಿದ್ದಿರಲಿಲ್ಲ, ರಸ್ತೆ ಬಂದಿರಲಿಲ್ಲ. ಮರುವರ್ಷ ವಿಟೆಕ್ ಯಿರಿನೆಟ್ಸ್ ಮತ್ತು ಸಂಗಡಿಗರು ನಲವತ್ತು ವರ್ಷಗಳ ತೂಕದ ದಾಖಲೆ ತೆಗೆದು 77 ಜಾತಿಗಳನ್ನು ಪರಿಶೀಲಿಸಿದರು. ಹೆಚ್ಚುಕಡಿಮೆ ಎಲ್ಲವೂ ಹಗುರವಾಗುತ್ತಾ ಬಂದಿದ್ದವು, ಅನೇಕವು ಪ್ರತಿ ದಶಕಕ್ಕೆ ಸುಮಾರು ಶೇಕಡಾ ಎರಡರಷ್ಟು. ಬಿಸಿಯಾಗುತ್ತಿರುವ, ಮಳೆಯ ಕ್ರಮ ಬದಲಾಗುತ್ತಿರುವ ಹವೆಗೆ ಇದು ಹೊಂದಿಕೆಯಾಗುತ್ತದೆ. ಅಳತೆಗೋಲು ಎಂದು ಇಟ್ಟುಕೊಂಡದ್ದೇ ಸವೆಯುತ್ತಿತ್ತು. 1980ರ ದಶಕದಲ್ಲಿ ಪ್ರತಿ ಹಕ್ಕಿಯನ್ನೂ ತೂಗಿ ಬರೆದಿಡದಿದ್ದರೆ ಇಂದಿನ ತೂಕವೇ ಸಹಜ ತೂಕ ಎಂದು ನಾವೆಲ್ಲ ನಂಬಿರುತ್ತಿದ್ದೆವು. ಹಕ್ಕಿಯನ್ನು ತೂಗಿದವರಿಗೆ ಆಗ ಹವಾಮಾನದ ಬದಲಾವಣೆ ಅಳೆಯುವ ಉದ್ದೇಶ ಇರಲಿಲ್ಲ. ಅವರು ಬಂದದ್ದು ಕಾಡಿನ ಗಾತ್ರದ ಜಗಳ ಬಗೆಹರಿಸಲು. ಲವ್‌ಜಾಯ್ 2021ರ ಡಿಸೆಂಬರಿನಲ್ಲಿ ತೀರಿಕೊಂಡ. ಈ ಎರಡೂ ಫಲಿತಾಂಶಗಳು ಹೊರಬಂದದ್ದು ಅವನ ಕೊನೆಯ ಎರಡು ವರ್ಷಗಳಲ್ಲಿ.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಪಶ್ಚಿಮ ಘಟ್ಟದ ಯೋಜನೆಗಳ ಪರಿಸರ ಪರಿಣಾಮ ವರದಿಗಳನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತೇನೆ. 2006ರ ಅಧಿಸೂಚನೆಯಡಿ ಅನೇಕ ಬಗೆಯ ಯೋಜನೆಗಳಿಗೆ ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನ ಮೂಲ ಮಾಹಿತಿ ಸಾಕಾಗುತ್ತದೆ. ಘಟ್ಟದ ಕಪ್ಪೆಗಳು ಕೂಗುವುದು ಮಳೆಗಾಲದಲ್ಲಿ. ಮಳೆಗಾಲ ಬಿಟ್ಟು ಎಣಿಸಿದ ಪಟ್ಟಿಯಲ್ಲಿ ಕಪ್ಪೆ ಇಲ್ಲದಿದ್ದರೆ ಅದು ಕಪ್ಪೆಯ ತಪ್ಪಲ್ಲ. ಆದರೆ ಮುಂದೊಂದು ದಿನ ಆ ಕಪ್ಪೆ ಹೋಯಿತು ಎಂದು ಯಾರಾದರೂ ಹೇಳಿದರೆ, ಅದು ಇತ್ತು ಎನ್ನುವುದಕ್ಕೆ ಪುರಾವೆ ಎಲ್ಲಿದೆ ಎಂದು ಇದೇ ಪಟ್ಟಿಯನ್ನು ತೋರಿಸಿ ಕೇಳುತ್ತಾರೆ.

ನಮ್ಮಲ್ಲೂ ಎಣಿಸಿದವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಮತ್ತು ಜತೆಗಾರರು 1980ರ ದಶಕದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ದೀಪದ ಬಲೆ, ಕೈಬಲೆ, ನೆಲದ ಗುಂಡಿ ಬಲೆಗಳನ್ನಿಟ್ಟು ಕೀಟಗಳನ್ನು ಹಿಡಿದು ವಿಂಗಡಿಸಿದ್ದರು. ಹಕ್ಕಿಗಳನ್ನು, ಮರಗಳನ್ನು ಎಣಿಸಿದವರೂ ಅದೇ ಜಿಲ್ಲೆಯಲ್ಲಿ ಕೆಲಸ ಮಾಡಿದ್ದಾರೆ. ಆ ಪಟ್ಟಿಗಳಿಗೆ ಈಗ ನಾಲ್ಕು ದಶಕದ ವಯಸ್ಸು. ಅದೇ ಜಾಗಕ್ಕೆ, ಅದೇ ಬಗೆಯ ಬಲೆ ಹಿಡಿದು, ಅದೇ ತಿಂಗಳಲ್ಲಿ ಮತ್ತೆ ಹೋಗಿ ಎಣಿಸಿದರೆ ಆ ಹಳೆಯ ಹಾಳೆಗಳ ಬೆಲೆ ಹತ್ತು ಪಟ್ಟಾಗುತ್ತದೆ. ಹಾಗೆ ಹೋಗುವವರು ಒಂದು ವಾರಕ್ಕೆಂದು ಹೋಗಬಾರದು, ಮಳೆಗಾಲವನ್ನು ಬಿಡಬಾರದು. ಹೊರಡುವ ಮುನ್ನ ಮನೌಸಿನ ಆ ತುಂಬಿದ ಬಲೆಯನ್ನು ಒಮ್ಮೆ ನೆನೆಯಬೇಕು.